ಫಾರಖತಿಯಿಂದ ಪರಿಹಾರದ ಕರಾರಿನವರೆಗೆ: ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯಲ್ಲಿ ಉಪಾಹಾರಗೃಹ ನೌಕರರ ಸೇವಾವಿಮುಕ್ತಿ

೧. ಪ್ರಾಸ್ತಾವಿಕ

ಒಬ್ಬನು ಕೆಲಸಕ್ಕೆ ಸೇರುವಾಗ ನಡೆಯುವ ಮಾತುಕತೆಗಿಂತ ಅವನು ಕೆಲಸ ಬಿಡುವಾಗ ನಡೆಯುವ ಮಾತುಕತೆಯಲ್ಲಿಯೇ ಆ ಸಮಾಜದ ನ್ಯಾಯಬುದ್ಧಿಯು ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ. ಸೇರುವಾಗ ಇಬ್ಬರಿಗೂ ಒಬ್ಬರ ಅಗತ್ಯ ಇನ್ನೊಬ್ಬರಿಗೆ ಇರುತ್ತದೆ. ಬಿಡುವಾಗ ಆ ಅಗತ್ಯವು ಸಾಮಾನ್ಯವಾಗಿ ಒಂದೇ ಕಡೆಗೆ ಉಳಿದಿರುತ್ತದೆ. ಖಾನಾವಳಿ, ಫಳಾರದ ಅಂಗಡಿ, ಉಡುಪಿ ಹೋಟೆಲು, ವಸತಿಗೃಹ ಮೊದಲಾದ ಕಡೆ ದುಡಿಯುವವರ ಮಟ್ಟಿಗೆ ಈ ಮಾತು ವಿಶೇಷವಾಗಿ ಸತ್ಯ. ಅವರಲ್ಲಿ ಅನೇಕರು ದುಡಿಯುವ ಮನೆಯಲ್ಲಿಯೇ ಉಣ್ಣುತ್ತಾರೆ, ಅಲ್ಲಿಯೇ ಮಲಗುತ್ತಾರೆ. ಆದುದರಿಂದ ಕೆಲಸ ಹೋದ ದಿನವೇ ಅವರಿಗೆ ಪಗಾರ, ಊಟ, ಸೂರು ಈ ಮೂರೂ ಒಮ್ಮೆಲೆ ತಪ್ಪುತ್ತವೆ.

ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಎಂಬ ನಾಲ್ಕು ಸ್ಥಳಗಳ ಸೀಮೆಯನ್ನು ಎದುರಿಗಿಟ್ಟುಕೊಂಡು, ಸೇವೆಯ ಮುಕ್ತಾಯವನ್ನು ಕಾಗದದ ಮೇಲೆ ಇಳಿಸುವ ಪದ್ಧತಿಯು ಹೇಗೆ ಬದಲಾಯಿತು, ರಾಜ್ಯದ ಕಾಯಿದೆಯು ಆ ಕಾಗದದೊಳಗೆ ಎಷ್ಟರಮಟ್ಟಿಗೆ ಪ್ರವೇಶಿಸಿತು ಎಂಬುದನ್ನು ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಈ ಸೀಮೆಯನ್ನು ಆರಿಸಿಕೊಳ್ಳುವುದಕ್ಕೆ ಕಾರಣವಿದೆ. ಬ್ರಿಟಿಷ್ ಆಳಿಕೆಯಲ್ಲಿ ಬೈಲಹೊಂಗಲವು ಸಂಪಗಾವಿ ತಾಲೂಕಿನ ಮುಖ್ಯಸ್ಥಳವಾಗಿದ್ದು, ಕಿತ್ತೂರು ಅದರಲ್ಲಿಯೇ ಸೇರಿತ್ತು. ಸವದತ್ತಿಯು ಪರಸಗಡ ತಾಲೂಕಿನ ಕಚೇರಿಯ ಊರು. ರಾಮದುರ್ಗವಾದರೋ ಭಾವೆ ಮನೆತನದ ಪ್ರತ್ಯೇಕ ಸಂಸ್ಥಾನ. ಅದು ೧೯೪೮ನೆಯ ಮಾರ್ಚ್ ೮ರಂದು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ೧೯೫೬ನೆಯ ನವೆಂಬರ್ ೧ರಂದು ಈ ನಾಲ್ಕೂ ಸ್ಥಳಗಳು ಮೈಸೂರು ರಾಜ್ಯಕ್ಕೆ ಸೇರಿದವು. ಹೀಗೆ ಕೆಲವು ಹರದಾರಿಗಳ ಅಂತರದಲ್ಲಿ, ಒಂದೇ ತಲೆಮಾರಿನೊಳಗೆ, ಒಂದೇ ಬಗೆಯ ಕೆಲಸಕ್ಕೆ ಮೂರು ರಾಜ್ಯಗಳ ಕಾನೂನುಗಳು ಸಂಬಂಧಿಸಿದವು.

೨. ಭೂಮಿಯ ರೂಪದ ಸೇವಾಫಲ

ಈ ಪ್ರದೇಶದಲ್ಲಿ ಪೂರ್ವಕಾಲದ ಸೇವೆಯು ನಗದು ಸಂಬಳಕ್ಕಿಂತ ಹೆಚ್ಚಾಗಿ ಭೂಮಿಯನ್ನು ಆಧರಿಸಿತ್ತು. ದೇಸಗತಿಗಳ ಕಾಲದ ಶೇತಸನದಿಗಳು ಇದಕ್ಕೆ ಉತ್ತಮ ನಿದರ್ಶನ. ಶೇತವೆಂದರೆ ಹೊಲ, ಸನದು ಎಂದರೆ ಅಧಿಕಾರಪತ್ರ. ಗ್ರಾಮರಕ್ಷಣೆ ಮೊದಲಾದ ಚಾಕರಿಗೆ ಪ್ರತಿಯಾಗಿ ಇವರಿಗೆ ಹೊಲವು ನಡೆದುಬರುತ್ತಿತ್ತು. ಸೇವೆ ನಿಂತರೆ ಹೊಲದ ಗತಿ ಏನು ಎಂಬ ಪ್ರಶ್ನೆಯು ಸೇವೆ ನಡೆಯುವವರೆಗೆ ಏಳುತ್ತಿರಲಿಲ್ಲ.

ಆ ಪ್ರಶ್ನೆ ಎದ್ದುದು ಕಿತ್ತೂರಿನ ಪತನದ ತರುವಾಯ. ೧೮೨೪ನೆಯ ಅಕ್ಟೋಬರ್ ೨೩ರಂದು ಧಾರವಾಡದ ಕಲೆಕ್ಟರ ಥ್ಯಾಕರೆಯು ಕಿತ್ತೂರಿನಲ್ಲಿ ಹತನಾದನು. ಅದೇ ವರ್ಷದ ಡಿಸೆಂಬರಿನಲ್ಲಿ ಕೋಟೆಯು ಇಂಗ್ಲಿಷರ ವಶವಾಯಿತು. ರಾಣಿ ಚೆನ್ನಮ್ಮನು ಬೈಲಹೊಂಗಲದ ಸೆರೆಯಲ್ಲಿ ೧೮೨೯ರಲ್ಲಿ ತೀರಿಕೊಂಡಳು. ಸಂಸ್ಥಾನವು ಅಳಿದಾಗ ಅದರ ಆಶ್ರಯದಲ್ಲಿದ್ದ ಸೇವಕವರ್ಗದ ಬಾಳುವೆಯ ಆಧಾರವೂ ಅಲುಗಾಡಿತು. ಸಂಗೊಳ್ಳಿ ರಾಯಣ್ಣನು ಸ್ವತಃ ಶೇತಸನದಿಗಳ ವರ್ಗಕ್ಕೆ ಸೇರಿದವನು. ಅವನ ಬಂಡಾಯಕ್ಕೆ ಸ್ವಾಮಿನಿಷ್ಠೆಯು ಮೂಲವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಸೇವೆಗಾಗಿ ನಡೆದುಬಂದ ಭೂಮಿಯ ವಿಷಯದಲ್ಲಿ ಹೊಸ ಸರಕಾರವು ಕೈಕೊಂಡ ಕ್ರಮಗಳು ಆ ವರ್ಗದಲ್ಲಿ ಹುಟ್ಟಿಸಿದ ಅಸಮಾಧಾನವನ್ನು ಕಡೆಗಣಿಸುವಂತಿಲ್ಲ. ರಾಯಣ್ಣನನ್ನು ೧೮೩೧ನೆಯ ಜನವರಿ ೨೬ರಂದು ನಂದಗಡದಲ್ಲಿ ಗಲ್ಲಿಗೇರಿಸಲಾಯಿತು.

ಇದಾದ ಸುಮಾರು ಮೂರು ದಶಕಗಳ ಮೇಲೆ ಅದೇ ಸರಕಾರವು ಮೇಲ್ವರ್ಗದ ವತನದಾರರೊಡನೆ ಬೇರೊಂದು ರೀತಿಯಲ್ಲಿ ವರ್ತಿಸಿತು. ೧೮೬೪ರ ಸುಮಾರಿಗೆ ದಕ್ಷಿಣ ಮರಾಠಾ ಪ್ರದೇಶದಲ್ಲಿ ಜಾರಿಗೆ ಬಂದ ಗಾರ್ಡನ್ ತೀರ್ಮಾನದ ಪ್ರಕಾರ ದೇಸಾಯಿ, ದೇಶಪಾಂಡೆ ಮುಂತಾದವರನ್ನು ಸೇವೆಯಿಂದ ಶಾಶ್ವತವಾಗಿ ಬಿಡುಗಡೆ ಮಾಡಿ, ಗೊತ್ತಾದ ಜೂಡಿಯನ್ನು ತೆಗೆದುಕೊಂಡು, ಭೂಮಿಯನ್ನು ಅವರಲ್ಲಿಯೇ ಉಳಿಸಲಾಯಿತು. ಇಂದಿನ ಪರಿಭಾಷೆಯಲ್ಲಿ ಹೇಳುವುದಾದರೆ ಇದೊಂದು ಸಾಮೂಹಿಕ ಸೇವಾವಿಮುಕ್ತಿಯ ಕರಾರು: ಕೆಲಸ ಹೋಯಿತು, ಫಲ ಉಳಿಯಿತು. ಹೊಲವೇ ಇಲ್ಲದೆ ಅಡುಗೆಮನೆಯಲ್ಲಿಯೋ ಧರ್ಮಶಾಲೆಯಲ್ಲಿಯೋ ದುಡಿಯುತ್ತಿದ್ದವನಿಗೆ ಇಂತಹ ತೀರ್ಮಾನವು ಎಂದೂ ಆಗಲಿಲ್ಲ. ಈ ಭೇದವನ್ನು ನೆನಪಿನಲ್ಲಿಟ್ಟುಕೊಂಡೇ ಮುಂದಿನ ಇತಿಹಾಸವನ್ನು ಓದಬೇಕು.

೩. ಎರಡು ಶಬ್ದಗಳ ವಿಚಾರ

ಸೇವೆಯ ಮುಕ್ತಾಯಕ್ಕೆ ಸಂಬಂಧಿಸಿ ಈ ಸೀಮೆಯ ಬಳಕೆಯಲ್ಲಿರುವ ಎರಡು ಶಬ್ದಗಳು ಗಮನಾರ್ಹವಾಗಿವೆ. ಒಂದು ಫಾರಖತಿ, ಇನ್ನೊಂದು ರಾಜೀನಾಮೆ.

ಫಾರಖತಿಯು ಅರಬ್ಬೀ ಮೂಲದಿಂದ ಪಾರಸಿ, ಮರಾಠಿಗಳ ಮೂಲಕ ನಮ್ಮ ದಫ್ತರಗಳನ್ನು ಹೊಕ್ಕ ಶಬ್ದ. ಬಿಡುಗಡೆ ಹೊಂದಿದ ಬಗ್ಗೆ ಬರೆದ ಪತ್ರವೆಂಬುದು ಅದರ ಅರ್ಥ. ಸಾಲ ತೀರಿದಾಗ, ಅಣ್ಣತಮ್ಮಂದಿರು ಪಾಲಾದಾಗ, ಪಾಲುಗಾರಿಕೆ ಮುರಿದಾಗ, ಇನ್ನು ಮುಂದೆ ನನ್ನ ಹಕ್ಕು ಏನೂ ಉಳಿದಿಲ್ಲವೆಂದು ಬರೆದುಕೊಡುವುದು ಫಾರಖತಿ. ರಾಜೀನಾಮೆಯು ಶಬ್ದಶಃ ಸಮ್ಮತಿಯ ಪತ್ರ. ಮುಂಬಯಿ ಇಲಾಖೆಯ ಕಂದಾಯ ವ್ಯವಹಾರದಲ್ಲಿ ರೈತನು ತನ್ನ ಹೊಲವನ್ನು ಬಿಟ್ಟುಕೊಡುವಾಗ ರಾಜೀನಾಮೆಯನ್ನೂ, ಅದನ್ನು ಹಿಡಿಯುವವನು ಕಬೂಲಾಯತಿಯನ್ನೂ ಬರೆದುಕೊಡುತ್ತಿದ್ದರು. ಹೊಲ ಬಿಡುವ ಕಾಗದದ ಹೆಸರೇ ನೌಕರಿ ಬಿಡುವ ಕಾಗದಕ್ಕೂ ಅಂಟಿಕೊಂಡಿತು.

ಎರಡು ಶಬ್ದಗಳಲ್ಲಿಯೂ ಅಡಗಿರುವ ಕಲ್ಪನೆ ಒಂದೇ: ಬಿಡುವವನು ಸ್ವಸಂತೋಷದಿಂದ ಬಿಡುತ್ತಾನೆ. ಸಮಬಲರಾದ ಪಾಲುಗಾರರ ನಡುವೆ ಈ ಕಲ್ಪನೆಯು ಸಲ್ಲುತ್ತದೆ. ಮಾಲಕ ಮತ್ತು ಮಾಣಿಯ ನಡುವೆ ಅದು ಸಲ್ಲುವುದೇ ಎಂಬುದು ಈ ಲೇಖನದ ಮುಖ್ಯ ಪ್ರಶ್ನೆ. ೧೮೭೨ರ ಭಾರತೀಯ ಕರಾರು ಕಾಯಿದೆಯ ೬೩ನೆಯ ಕಲಮಿನ ಪ್ರಕಾರ ಹಕ್ಕುಳ್ಳವನು ತನಗೆ ಬರತಕ್ಕದ್ದನ್ನು ಪೂರ್ತಿಯಾಗಿಯೋ ಅಂಶತಃವಾಗಿಯೋ ಬಿಟ್ಟುಕೊಡಬಹುದು. ಆ ಕಾಯಿದೆಯ ದೃಷ್ಟಿಯಲ್ಲಿ ಫಾರಖತಿಗೆ ಬಲವಿತ್ತು. ಆದರೆ ಅದೇ ಕಾಯಿದೆಯ ೧೧ನೆಯ ಕಲಮಿನಂತೆ ಅಪ್ರಾಪ್ತವಯಸ್ಕನು ಕರಾರು ಮಾಡಲು ಅರ್ಹನಲ್ಲ. ಅಂಥವನ ಕರಾರು ಮೂಲತಃ ಶೂನ್ಯವೆಂದು ಪ್ರಿವಿ ಕೌನ್ಸಿಲು ೧೯೦೩ರಲ್ಲಿ ನಿರ್ಣಯಿಸಿತು. ಕರಾವಳಿಯ ಮಾತಿನಲ್ಲಿ ಮಾಣಿ ಎಂದರೆ ಹುಡುಗ. ಆ ಹೆಸರಿಗೆ ತಕ್ಕ ವಯಸ್ಸಿನವನಿಂದ ಹೆಬ್ಬೆಟ್ಟು ಒತ್ತಿಸಿಕೊಂಡ ಫಾರಖತಿಯು ಈ ನ್ಯಾಯದಂತೆ ಬರಿಯ ಕಾಗದವೇ ಸರಿ.

ಸರಕಾರದ ಕಾಯಿದೆಯು ಕೂಲಿಯ ಕರಾರಿನಲ್ಲಿ ಮೊದಲು ಕೈಹಾಕಿದಾಗ ಅದು ಮಾಲಕನ ಪಕ್ಷದಲ್ಲಿತ್ತೆಂಬುದನ್ನೂ ಹೇಳಬೇಕು. ೧೮೫೯ರ ಕೆಲಸಗಾರರ ಕರಾರುಭಂಗದ ಕಾಯಿದೆಯು ಮುಂಗಡ ಪಡೆದು ಕೆಲಸ ಬಿಟ್ಟ ಕುಶಲಕರ್ಮಿ, ಕೂಲಿಕಾರರನ್ನು ಮ್ಯಾಜಿಸ್ಟ್ರೇಟನ ಮುಂದೆ ನಿಲ್ಲಿಸಿ, ಆಜ್ಞೆಯನ್ನು ಪಾಲಿಸದಿದ್ದರೆ ಮೂರು ತಿಂಗಳವರೆಗೆ ಸೆರೆಮನೆಗೆ ಕಳಿಸಲು ಅವಕಾಶ ಕೊಟ್ಟಿತು. ಇದು ರದ್ದಾದುದು ೧೯೨೫ರ ಶಾಸನದಿಂದ. ಅಲ್ಲಿಯವರೆಗೆ ಕೆಲಸ ಬಿಡುವುದು ಎಂದರೆ ನೌಕರನ ಅಪರಾಧದ ಸಂಭವವೆಂಬ ದೃಷ್ಟಿಯೇ ಶಾಸನದಲ್ಲಿ ಪ್ರಬಲವಾಗಿತ್ತು.

೪. ಮುಂಬಯಿಯ ಅಂಗಡಿ ಕಾಯಿದೆಗಳು

ಅಂಗಡಿ, ಉಪಾಹಾರಗೃಹಗಳ ನೌಕರರಿಗಾಗಿಯೇ ಪ್ರತ್ಯೇಕ ಶಾಸನವನ್ನು ಭಾರತದಲ್ಲಿ ಮೊದಲು ಮಾಡಿದ ಕೀರ್ತಿ ಮುಂಬಯಿಯದು. ೧೯೩೯ರ ಕಾಯಿದೆಯು ಪ್ರಧಾನವಾಗಿ ಕೆಲಸದ ತಾಸು, ವಿಶ್ರಾಂತಿ ಮುಂತಾದವುಗಳನ್ನು ಕುರಿತದ್ದು. ಸಂಸ್ಥಾನವಾಗಿದ್ದ ರಾಮದುರ್ಗಕ್ಕೆ ಅದು ತಾನಾಗಿ ಅನ್ವಯಿಸುವಂತಿರಲಿಲ್ಲ. ಸಂಸ್ಥಾನದ ಗಡಿಯೇ ಆ ಕಾಯಿದೆಯ ಗಡಿಯೂ ಆಗಿದ್ದಿತು.

ಸೇವೆಯ ಮುಕ್ತಾಯದ ದೃಷ್ಟಿಯಿಂದ ಮಹತ್ವದ್ದು ೧೯೪೮ರ ಮುಂಬಯಿ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆ. ಇದರ ೬೬ನೆಯ ಕಲಮು ಒಂದು ಸರಳ ನಿಯಮವನ್ನು ವಿಧಿಸಿತು. ಒಂದು ವರ್ಷ ಅಥವಾ ಹೆಚ್ಚು ಕಾಲ ಸತತವಾಗಿ ದುಡಿದವನನ್ನು ತೆಗೆಯಬೇಕಾದರೆ ೩೦ ದಿನಗಳ ಲಿಖಿತ ಸೂಚನೆ. ಮೂರು ತಿಂಗಳಿಗೆ ಮೇಲ್ಪಟ್ಟು ವರ್ಷದೊಳಗೆ ದುಡಿದವನಾದರೆ ೧೪ ದಿನಗಳ ಸೂಚನೆ. ಇಲ್ಲವೆ ಅಷ್ಟು ದಿನಗಳ ಸಂಬಳ. ದುರ್ವರ್ತನೆಗಾಗಿ ತೆಗೆದರೆ ಈ ಸೂಚನೆ ಬೇಡ. ಅನುಸೂಚಿಯಲ್ಲಿ ಹೇಳಿದ ಸ್ಥಳಗಳಿಗೆ ಮೊದಲು ಅನ್ವಯಿಸಿದ ಈ ಕಾಯಿದೆಯನ್ನು ಇತರ ಊರುಗಳಿಗೆ ಸರಕಾರದ ಪ್ರಕಟಣೆಯಿಂದ ವಿಸ್ತರಿಸಬಹುದಾಗಿತ್ತು. ಆದುದರಿಂದ ಹತ್ತಿಯ ಪೇಟೆಯಾದ ಬೈಲಹೊಂಗಲದಂಥ ಊರಿನ ನೌಕರನ ಹಕ್ಕಿಗೂ, ಹೆದ್ದಾರಿಯ ಮಗ್ಗುಲಿನ ಹಳ್ಳಿಯ ಚಹದಂಗಡಿಯ ನೌಕರನ ಹಕ್ಕಿಗೂ ವ್ಯತ್ಯಾಸವಿರುವ ಸಂಭವವು ಕಾಯಿದೆಯ ರಚನೆಯಲ್ಲಿಯೇ ಅಡಗಿತ್ತು.

ಇಲ್ಲಿ ಗಮನಿಸತಕ್ಕ ಅಂಶವೆಂದರೆ, ಮುಂಬಯಿ ಕಾಯಿದೆಯ ಈ ಕಲಮು ಸೂಚನೆಯನ್ನು ಕೇಳಿತೇ ಹೊರತು ಕಾರಣವನ್ನು ಕೇಳಲಿಲ್ಲ. ತಿಂಗಳ ಸಂಬಳವನ್ನು ಕೈಗಿಟ್ಟರೆ ಹತ್ತು ವರ್ಷದ ಅಡುಗೆಯವನನ್ನೂ ಕಳುಹಿಸಿಬಿಡಬಹುದಾಗಿತ್ತು.

೫. ೧೯೫೩ ಮತ್ತು ೧೯೫೬

ಈ ಕೊರತೆಯನ್ನು ಕೇಂದ್ರದ ಶಾಸನವು ಬೇರೊಂದು ದಿಕ್ಕಿನಿಂದ ತುಂಬಿತು. ೧೯೪೭ರ ಕೈಗಾರಿಕಾ ವಿವಾದಗಳ ಕಾಯಿದೆಗೆ ೧೯೫೩ರಲ್ಲಿ ಹೊಸ ಅಧ್ಯಾಯವೊಂದು ಸೇರಿ, ಆ ವರ್ಷದ ಅಕ್ಟೋಬರ್ ೨೪ರಿಂದ ಜಾರಿಗೆ ಬಂದಿತು. ಹೆಚ್ಚುವರಿಯೆಂದು ಕೆಲಸದಿಂದ ತೆಗೆಯುವಾಗ ಒಂದು ತಿಂಗಳ ಸೂಚನೆ ಅಥವಾ ಅದರ ಸಂಬಳ, ಅದರ ಜತೆಗೆ ದುಡಿದ ಪ್ರತಿಯೊಂದು ವರ್ಷಕ್ಕೆ ೧೫ ದಿನಗಳ ಸರಾಸರಿ ವೇತನದಂತೆ ಪರಿಹಾರ. ಕೊನೆಯಲ್ಲಿ ಆರು ತಿಂಗಳಿಗೆ ಮೀರಿದ ಅಂಶವಿದ್ದರೆ ಅದನ್ನೂ ವರ್ಷವೆಂದೇ ಎಣಿಸುವುದು. ಕೊನೆಗೆ ಬಂದವನು ಮೊದಲು ಹೋಗಬೇಕೆಂಬ ಕ್ರಮ. ಮತ್ತೆ ಜನ ಬೇಕಾದಾಗ ತೆಗೆದವರಿಗೆ ಆದ್ಯತೆ. ಇವೇ ಅದರ ಮುಖ್ಯಾಂಶಗಳು. ಮನೆಗೆ ಕೂಡ್ರಿಸಿದ ದಿನಗಳ ಪರಿಹಾರಕ್ಕೆ ೫೦ ಜನರ ಮಿತಿಯನ್ನು ಹಾಕಿದ್ದರೂ, ಕೆಲಸದಿಂದ ತೆಗೆಯುವಾಗಿನ ಪರಿಹಾರಕ್ಕೆ ಅಂಥ ಮಿತಿಯನ್ನು ಹಾಕಲಿಲ್ಲ. ಸಣ್ಣ ಖಾನಾವಳಿಯವನು ಇದರಿಂದ ಹೊರಗುಳಿಯಲಿಲ್ಲ.

೧೯೫೬ನೆಯ ನವೆಂಬರ್ ತಿಂಗಳು ಈ ಸೀಮೆಗೆ ಎರಡು ರೀತಿಯಿಂದ ಸ್ಮರಣೀಯ. ಒಂದನೆಯ ತಾರೀಖಿಗೆ ರಾಜ್ಯವು ಬದಲಾಯಿತು; ಆದರೆ ಪುನರ್ರಚನಾ ಕಾಯಿದೆಯಂತೆ ಹಳೆಯ ಮುಂಬಯಿ ಕಾನೂನುಗಳು ಬದಲಾಗುವವರೆಗೆ ಹಾಗೆಯೇ ಮುಂದುವರಿದವು. ೨೭ನೆಯ ತಾರೀಖಿಗೆ ಸರ್ವೋಚ್ಚ ನ್ಯಾಯಾಲಯವು ಬಾರ್ಸಿ ಲೈಟ್ ರೇಲ್ವೆ ಮುಂತಾದ ಪ್ರಕರಣಗಳಲ್ಲಿ, ನಡೆಯುತ್ತಿರುವ ಉದ್ಯೋಗದಲ್ಲಿ ಹೆಚ್ಚಾದ ಜನರನ್ನು ತೆಗೆಯುವುದಷ್ಟೇ ಆ ಪರಿಹಾರಕ್ಕೆ ಆಸ್ಪದವೀಯುವುದೆಂದೂ, ಉದ್ಯೋಗವೇ ಮುಚ್ಚಿದರೆ ಅಥವಾ ಕೈಬದಲಾದರೆ ಅದು ಸಲ್ಲದೆಂದೂ ತೀರ್ಪಿತ್ತಿತು. ಒಡೆಯರು ಮೇಲಿಂದ ಮೇಲೆ ಬದಲಾಗುವ ಹೋಟೆಲು ವ್ಯವಹಾರಕ್ಕೆ ಈ ತೀರ್ಪಿನ ಪರಿಣಾಮವು ಎಷ್ಟು ವಿಪುಲವಾಗಬಹುದಾಗಿತ್ತೆಂಬುದನ್ನು ಊಹಿಸಬಹುದು. ೧೯೫೭ರಲ್ಲಿ ಸಂಸತ್ತು ಕಾಯಿದೆಯನ್ನು ತಿದ್ದಿ, ಹಿಂದಿನ ವರ್ಷದ ನವೆಂಬರ್ ೨೮ರಿಂದಲೇ ಮುಚ್ಚುಗಡೆಗೂ ವರ್ಗಾವಣೆಗೂ ಪರಿಹಾರವನ್ನು ವಿಸ್ತರಿಸಿತು.

ಈ ತಿದ್ದುಪಡಿಯಂತೆ, ಹೊಸ ಮಾಲಕನು ಹಳೆಯ ಷರತ್ತುಗಳಿಗೆ ಕಡಿಮೆಯಾಗದಂತೆ, ಹಿಂದಿನ ಸೇವೆಯನ್ನು ಅಖಂಡವೆಂದು ಒಪ್ಪಿ, ಮುಂದೆ ತೆಗೆದಾಗ ಅಷ್ಟೂ ವರ್ಷಗಳ ಪರಿಹಾರಕ್ಕೆ ಹೊಣೆಯಾದರೆ ಮಾತ್ರ ಹಳೆಯ ಮಾಲಕನಿಗೆ ಬಿಡುಗಡೆ. ಗಲ್ಲೆಯ ಮೇಲೆ ಕೂಡುವವನು ಬದಲಾದನೆಂದು ಒಲೆಯ ಮುಂದೆ ಇರುವವನ ವರ್ಷಗಳು ಅಳಿಯಲಾರವು. ಮುಚ್ಚುಗಡೆಯು ಕೈಮೀರಿದ ಕಾರಣದಿಂದ ಒದಗಿದ್ದರೆ ಪರಿಹಾರವು ಮೂರು ತಿಂಗಳ ಸರಾಸರಿ ವೇತನವನ್ನು ಮೀರಬೇಕಾಗಿಲ್ಲ. ಆದರೆ ಬರಿಯ ಹಣದ ಅಡಚಣೆಯು ಅಂಥ ಕಾರಣವಲ್ಲ. ಗೇಣಿಯ ಅವಧಿ ತೀರಿದುದೂ ಅಂಥ ಕಾರಣವಲ್ಲವೆಂದು ಮುಂದೆ ಸ್ಪಷ್ಟಪಡಿಸಲಾಯಿತು. ಬಾಡಿಗೆಯ ಕಟ್ಟಡದಲ್ಲಿ ನಡೆಯುವ ಹೋಟೆಲುಗಳಿಗೆ ಈ ಮಾತು ನೇರವಾಗಿ ತಟ್ಟುವಂಥದು.

ಪರಿಹಾರವನ್ನು ತೆಗೆಯುವ ಹೊತ್ತಿಗೇ ಕೊಡಬೇಕೆಂಬುದು ಕೇವಲ ಔಪಚಾರಿಕವಲ್ಲವೆಂದು ಮುಂಬಯಿ ಸರಕಾರಕ್ಕೂ ಆಸ್ಪತ್ರೆ ಮಜದೂರ ಸಭೆಗೂ ನಡೆದ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯವು ೧೯೬೦ರಲ್ಲಿ ಸಾರಿತು. ಅದನ್ನು ಕೊಡದೆ ತೆಗೆದರೆ ತೆಗೆದುದೇ ಅಸಿಂಧು. ಫಾರಖತಿಯ ಯುಗವು ಕಾನೂನಿನ ಮಟ್ಟಿಗೆ ಮುಗಿದುದು ಇಲ್ಲಿಯೇ ಎನ್ನಬಹುದು.

೬. ಮೈಸೂರಿನ ಕಾಯಿದೆ: ಗಳಿಕೆ ಮತ್ತು ನಷ್ಟ

೧೯೬೧ರ ಮೈಸೂರು ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆಯು (ಮುಂದೆ ಕರ್ನಾಟಕದ್ದೆಂದು ಹೆಸರಾದದ್ದು) ಹೋಟೆಲು, ಖಾನಾವಳಿ, ಉಪಾಹಾರಗೃಹಗಳನ್ನು ಸ್ಪಷ್ಟವಾಗಿ ಒಳಗೊಂಡಿತು. ಅದರ ೩೯ನೆಯ ಕಲಮಿನಂತೆ ಆರು ತಿಂಗಳು ಸತತವಾಗಿ ದುಡಿದವನನ್ನು ಯುಕ್ತ ಕಾರಣವಿಲ್ಲದೆ, ಒಂದು ತಿಂಗಳ ಸೂಚನೆ ಅಥವಾ ಸಂಬಳವಿಲ್ಲದೆ ತೆಗೆಯಲಾಗದು. ದುರ್ವರ್ತನೆಯ ಆರೋಪವಾದರೆ ವಿಚಾರಣೆಯಲ್ಲಿ ದಾಖಲಾದ ಸಮಾಧಾನಕರ ಸಾಕ್ಷ್ಯವಿರಬೇಕು. ತೆಗೆಯಲ್ಪಟ್ಟವನಿಗೆ ಅಪೀಲಿನ ಹಕ್ಕೂ ಉಂಟು.

ಮುಂಬಯಿ ಕಾಯಿದೆಯೊಡನೆ ಹೋಲಿಸಿದರೆ ಇಲ್ಲಿ ಕಾರಣ ಮತ್ತು ಅಪೀಲು ಎಂಬ ಎರಡು ಗಳಿಕೆಗಳು ಕಾಣುತ್ತವೆ. ಆದರೆ ಒಂದು ನಷ್ಟವೂ ಇದೆ. ನಾಲ್ಕು ಅಥವಾ ಐದು ತಿಂಗಳು ದುಡಿದವನಿಗೆ ಮುಂಬಯಿ ಕಾಯಿದೆಯಂತೆ ೧೪ ದಿನಗಳ ಸೂಚನೆ ದೊರೆಯಬೇಕಾಗಿತ್ತು. ಮೈಸೂರಿನ ಈ ಕಲಮಿನಂತೆ ಅವನಿಗೆ ಏನೂ ಇಲ್ಲ. ಸವದತ್ತಿಯ ಎಲ್ಲಮ್ಮನ ಗುಡ್ಡದಂಥ ಯಾತ್ರಾಸ್ಥಳದಲ್ಲಿ ಇದು ಅಲ್ಪ ವಿಷಯವಲ್ಲ. ಮಾರ್ಗಶಿರದ ಹುಣ್ಣಿವೆಯಿಂದ ಭಾರತ ಹುಣ್ಣಿವೆಯನ್ನು ದಾಟಿ ದವನದ ಹುಣ್ಣಿವೆಯವರೆಗೆ ಯಾತ್ರಿಕರು ನೆರೆಯುವ ಕಾಲವು ಹೆಚ್ಚು ಕಡಿಮೆ ನಾಲ್ಕೈದು ತಿಂಗಳು. ಆ ಕಾಲಕ್ಕೆಂದೇ ನಿಂತವನು ಆರು ತಿಂಗಳ ಗೆರೆಯನ್ನು ಮುಟ್ಟುವುದಿಲ್ಲ; ಕೇಂದ್ರದ ಪರಿಹಾರಕ್ಕೆ ಬೇಕಾದ, ಹನ್ನೆರಡು ತಿಂಗಳಲ್ಲಿ ೨೪೦ ದಿನಗಳ ದುಡಿಮೆಯನ್ನಂತೂ ಮುಟ್ಟುವುದೇ ಇಲ್ಲ. ರಾಜ್ಯದ ಎಲ್ಲೆಯು ಬದಲಾದಾಗ ಇಂಥವನ ಹದಿನಾಲ್ಕು ದಿನಗಳು ಸದ್ದಿಲ್ಲದೆ ಹೋದವು.

ಇದೇ ಗುಡ್ಡದಂಥ ಕಡೆ ಏಳುವ ಇನ್ನೊಂದು ಪ್ರಶ್ನೆ ದಾಸೋಹದ ಅಡುಗೆಯವನದು. ಬೆಂಗಳೂರು ನೀರು ಸರಬರಾಜು ಮಂಡಲಿಯ ಪ್ರಕರಣದಲ್ಲಿ ೧೯೭೮ರಲ್ಲಿ ಸರ್ವೋಚ್ಚ ನ್ಯಾಯಾಲಯವು ಉದ್ಯಮವೆಂಬ ಶಬ್ದಕ್ಕೆ ವಿಶಾಲವಾದ ಅರ್ಥವನ್ನು ಕೊಟ್ಟಿತು. ಲಾಭದ ಉದ್ದೇಶವಿಲ್ಲದಿರುವುದೊಂದೇ ಕಾರಣದಿಂದ ಸಂಸ್ಥೆಯು ಹೊರಗುಳಿಯದು. ಆದರೆ ಭಕ್ತರು ಸೇವಾಭಾವದಿಂದ, ಪ್ರತಿಫಲವಿಲ್ಲದೆಯೋ ಅಲ್ಪ ಗೌರವಧನಕ್ಕೋ ನಡೆಸುವ ಕಾರ್ಯವನ್ನು ಅದು ಬೇರೆಯಾಗಿ ಕಂಡಿತು. ಬಡಿಸುವ ಅನ್ನ ಒಂದೇ ಆದರೂ ಬಡಿಸುವವನ ಸಂಬಂಧವು ಭಿನ್ನವೆಂಬ ಈ ವಿವೇಕವು ನಮ್ಮ ಜನರಿಗೆ ಅಪರಿಚಿತವೇನಲ್ಲ.

೭. ಕರಾರಿನ ಬರವಣಿಗೆ

ಇಷ್ಟಾದ ಮೇಲೂ ಕಾಯಿದೆಯಲ್ಲಿ ಒಂದು ಕಿಂಡಿ ಉಳಿದಿತ್ತು. ನೌಕರನು ಸ್ವಂತ ಇಚ್ಛೆಯಿಂದ ನಿವೃತ್ತನಾದರೆ ಅದು ತೆಗೆದುದಾಗುವುದಿಲ್ಲ. ಆದುದರಿಂದ, ಹೊರಗೆ ಹಾಕಿಸಿಕೊಂಡವನ ಕೈಯಲ್ಲಿಯೇ ರಾಜೀನಾಮೆಯನ್ನು ಬರೆಸಿದರೆ ಹಳೆಯ ಫಾರಖತಿಯು ಹೊಸ ಹೆಸರಿನಲ್ಲಿ ಮತ್ತೆ ಹುಟ್ಟಿದಂತೆ. ಸೇವಾವಿಮುಕ್ತಿಯ ಕರಾರನ್ನು ಬರೆಯುವವನ ಪ್ರಾಮಾಣಿಕತೆಯು ಪರೀಕ್ಷೆಗೆ ನಿಲ್ಲುವುದು ಈ ಕಾರಣದ ವಾಕ್ಯದಲ್ಲಿಯೇ.

ಎರಡನೆಯ ಪರೀಕ್ಷೆ ಲೆಕ್ಕದ್ದು. ನಿದರ್ಶನಕ್ಕಾಗಿ, ೮ ವರ್ಷ ೭ ತಿಂಗಳು ದುಡಿದ ಒಬ್ಬ ಅಡುಗೆಯವನನ್ನು ಕಲ್ಪಿಸಿಕೊಳ್ಳೋಣ. ತಿಂಗಳಿಗೆ ನಗದು ೬೦ ರೂಪಾಯಿ. ಊಟ, ವಸತಿಗಳ ಬೆಲೆ ೩೦ ರೂಪಾಯಿ ಎಂದಿಟ್ಟುಕೊಳ್ಳೋಣ. ಏಳು ತಿಂಗಳ ಅಂಶವು ವರ್ಷವಾಗುವುದರಿಂದ ಒಟ್ಟು ೯ ವರ್ಷ. ನಗದನ್ನಷ್ಟೇ ಹಿಡಿದರೆ ವರ್ಷಕ್ಕೆ ೩೦ರಂತೆ ಪರಿಹಾರ ೨೭೦ ರೂಪಾಯಿ. ಆದರೆ ಕೈಗಾರಿಕಾ ವಿವಾದಗಳ ಕಾಯಿದೆಯ ವೇತನದ ವ್ಯಾಖ್ಯೆಯಲ್ಲಿ ವಸತಿ ಹಾಗೂ ಇತರ ಸೌಕರ್ಯಗಳ ಮೌಲ್ಯವೂ ಸೇರಿತ್ತು. ಆ ಪದಗಳ ಸಹಜಾರ್ಥದಲ್ಲಿ ಊಟ, ವಸತಿಗಳನ್ನು ಕೂಡಿಸಿದರೆ ವರ್ಷಕ್ಕೆ ೪೫ರಂತೆ ೪೦೫ ರೂಪಾಯಿ. ಸೂಚನೆಗೆ ಬದಲಾದ ತಿಂಗಳ ಸಂಬಳ ೯೦ ಸೇರಿ ೪೯೫. ಅನ್ನವನ್ನು ಲೆಕ್ಕದಿಂದ ಬಿಟ್ಟುದರಿಂದ ಪರಿಹಾರವೊಂದರಲ್ಲಿಯೇ ಅವನು ಕಳೆದುಕೊಳ್ಳುವುದು ೧೩೫ ರೂಪಾಯಿ, ಅಂದರೆ ಎರಡು ತಿಂಗಳಿಗೂ ಮೇಲ್ಪಟ್ಟ ನಗದು ಪಗಾರ.

೧೯೭೨ರ ಉಪದಾನ ಕಾಯಿದೆಯು ಹತ್ತು ಅಥವಾ ಹೆಚ್ಚು ಜನರಿರುವ ಸಂಸ್ಥೆಯಲ್ಲಿ ಐದು ವರ್ಷ ದುಡಿದವನಿಗೆ ಬೇರೊಂದು ಹಕ್ಕನ್ನು ಕೊಟ್ಟಿತು. ವಿಚಿತ್ರವೆಂದರೆ ಅದರ ವ್ಯಾಖ್ಯೆಯು ನಗದಾಗಿ ಸಲ್ಲುವ ವೇತನಕ್ಕೆ ಸೀಮಿತವಾಗಿತ್ತು. ಒಂದೇ ತಟ್ಟೆಯ ಅನ್ನವು ಒಂದು ಕಾಯಿದೆಯಲ್ಲಿ ವೇತನವಾಯಿತು, ಇನ್ನೊಂದರಲ್ಲಿ ಆಗಲಿಲ್ಲ. ಆದುದರಿಂದ ಎಲ್ಲವನ್ನೂ ಒಟ್ಟುಗೂಡಿಸಿ ಒಂದು ಮೊತ್ತವನ್ನು ಬರೆದು ಲೆಕ್ಕ ಚುಕ್ತಾ ಎನ್ನುವ ಕರಾರು ಇಬ್ಬರಿಗೂ ಅಪಾಯಕರ. ಬಾಕಿ ಪಗಾರ, ರಜೆಯ ಸಂಬಳ, ಸೂಚನೆಯ ಸಂಬಳ, ಪರಿಹಾರ, ಉಪದಾನ ಎಂದು ಕಲಮುವಾರು ಬರೆಯುವುದೇ ಸರಿಯಾದ ಕ್ರಮ. ಸೇರಿದ ದಿನ, ಬಿಡುವ ದಿನ, ಕೆಲಸದ ಸ್ವರೂಪ, ಊಟ ವಸತಿಗಳ ಬೆಲೆ, ಬಿಡುವ ನಿಜವಾದ ಕಾರಣ ಇವು ಅದರಲ್ಲಿರಬೇಕು. ಕಾಗದವು ನೌಕರನಿಗೆ ತಿಳಿಯುವ ಭಾಷೆಯಲ್ಲಿದ್ದು, ಓದಿ ಹೇಳಿ, ಅವನದೊಂದು ಪ್ರತಿಯನ್ನು ಅವನಿಗೇ ಕೊಡಬೇಕು. ಹಣವು ಸಹಿಗಿಂತ ಹಿಂದೆ ಉಳಿಯಬಾರದು.

ಇನ್ನು ಬಿಟ್ಟುಕೊಡುವ ವಾಕ್ಯ. ೧೯೩೬ರ ವೇತನ ಪಾವತಿ ಕಾಯಿದೆ, ೧೯೪೮ರ ಕನಿಷ್ಠ ವೇತನ ಕಾಯಿದೆ, ೧೯೭೨ರ ಉಪದಾನ ಕಾಯಿದೆ ಇವೆಲ್ಲವೂ ತಾವು ಕೊಟ್ಟ ಹಕ್ಕು ಖಾಸಗಿ ಕರಾರಿನಿಂದ ಅಳಿಯದಂತೆ ಕಾದುಕೊಂಡವು. ಹೆಚ್ಚಿಗೆ ಕೊಡುವ ಕರಾರು ಸಿಂಧು, ಕಡಿಮೆ ಕೊಡುವ ಕರಾರು ನಿರರ್ಥಕ ಎಂಬುದು ಅವುಗಳ ಸಾರ. ೧೮೭೨ರ ಕಾಯಿದೆಯು ಬಿಟ್ಟುಕೊಡುವ ಸ್ವಾತಂತ್ರ್ಯವನ್ನು ರಕ್ಷಿಸಿತು. ಇಪ್ಪತ್ತನೆಯ ಶತಮಾನದ ಕಾಯಿದೆಗಳು ಬಿಟ್ಟುಕೊಡದಿರುವ ಸ್ವಾತಂತ್ರ್ಯವನ್ನು ರಕ್ಷಿಸಿದವು.

೮. ಉಪಸಂಹಾರ

೨೦೨೫ನೆಯ ನವೆಂಬರ್ ೨೧ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯು ೧೯೪೭ರ ಕಾಯಿದೆಯ ಸ್ಥಾನವನ್ನು ಆಕ್ರಮಿಸಿದೆ. ವರ್ಷಕ್ಕೆ ೧೫ ದಿನಗಳೆಂಬ ಪರಿಹಾರದ ಮೂಲಸೂತ್ರವು ಅದರಲ್ಲಿಯೂ ಉಳಿದಿದೆ. ಹೊಸ ಕುಶಲತೆಯನ್ನು ಕಲಿಯುವುದಕ್ಕೆಂದು ೧೫ ದಿನಗಳ ವೇತನದ ನಿಧಿಯೂ ಸೇರಿದೆ. ವೇತನದ ವ್ಯಾಖ್ಯೆಗಳು ಬದಲಾಗಿರುವುದರಿಂದ ಮೇಲಿನ ಲೆಕ್ಕವನ್ನು ಹಿಂದಿನ ಕಾಲದ ನಿದರ್ಶನವೆಂದೇ ತಿಳಿಯಬೇಕು.

ಒಟ್ಟಿನಲ್ಲಿ ಈ ಸೀಮೆಯ ಇತಿಹಾಸದಿಂದ ಎರಡು ಸಂಗತಿಗಳು ಹೊರಪಡುತ್ತವೆ. ಮೊದಲನೆಯದು, ಸೇವೆಯ ಕೊನೆಗೆ ಸೇವಕನಿಗೆ ಏನಾದರೂ ಉಳಿಯಬೇಕೆಂಬ ಕಲ್ಪನೆಯು ಇಲ್ಲಿಗೆ ಹೊರಗಿನಿಂದ ಬಂದುದಲ್ಲ. ಸನದಿನ ಹೊಲದಲ್ಲಿ ಅದು ಮೊದಲೇ ಇದ್ದಿತು, ಅದು ತಪ್ಪಿದಾಗ ಸಂಗೊಳ್ಳಿಯ ಕಡೆಯ ಜನ ಸುಮ್ಮನಿರಲಿಲ್ಲ. ಎರಡನೆಯದು, ಆ ಕಲ್ಪನೆಯು ದೇಸಾಯರಿಂದ ಅಡುಗೆಯವನವರೆಗೆ ಇಳಿದುಬರಲು ಸುಮಾರು ತೊಂಬತ್ತು ವರ್ಷಗಳು ಹಿಡಿದವು. ಇಳಿದುಬಂದ ಮೇಲೂ ಜಾತ್ರೆಯ ನಾಲ್ಕೈದು ತಿಂಗಳು ಮಾತ್ರ ದುಡಿಯುವವನನ್ನು ಅದು ಇನ್ನೂ ಮುಟ್ಟಿಲ್ಲ. ಹುಣ್ಣಿವೆ ಕಳೆದು ಗುಡ್ಡದ ಮೇಲಿನ ಅಂಗಡಿಯ ತಟ್ಟಿಗಳನ್ನು ಬಿಚ್ಚಿದಾಗ ಅವನು ಯಾವ ಕಾಗದವೂ ಇಲ್ಲದೆ ಇಳಿದುಹೋಗುತ್ತಾನೆ. ಅವನ ಮಟ್ಟಿಗೆ ಬರೆಯಬೇಕಾದ ಕರಾರು ಇನ್ನೂ ಬರೆಯುವುದಕ್ಕೆ ಉಳಿದಿದೆ.